ನಾರ್ಮಲ್ಲೋ, ಸಿಸೇರಿಯನ್ನೋ: ತೀರ್ಮಾನಕ್ಕೆ ಮೊದಲು ಇಷ್ಟು ನೋಡಿಕೊಳ್ಳಿ

ಹೊಟ್ಟೆ ಕಾಣಿಸಿಕೊಳ್ಳುತ್ತಿದ್ದಂತೆ ಸುತ್ತಲಿನವರ ಪ್ರಶ್ನೆ ಶುರುವಾಗುತ್ತದೆ. ನಾರ್ಮಲ್ಲಾ, ಸಿಸೇರಿಯನ್ನಾ? ಕೇಳುವವರ ಹತ್ತಿರ ಉತ್ತರವೂ ರೆಡಿ ಇರುತ್ತದೆ. ನೋವು ತಿಂದು ಹೆತ್ತರೇನೇ ಹೆರಿಗೆ ಅನ್ನುವವರು ಒಂದು ಕಡೆ, ಈ ಕಾಲದಲ್ಲಿ ಅಷ್ಟೊಂದು ನೋವು ಯಾಕೆ, ಆಪರೇಷನ್ ಮಾಡಿಸಿ ಮುಗಿಸು ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು ಒಂದು ವಿಷಯ ಗೊತ್ತಿರಲಿ. ನಿಮ್ಮ ಮುಂದೆ ಇರುವುದು ಎರಡು ದಾರಿಯಲ್ಲ, ಮೂರು. ನೋವು ಬಂದು ಸಹಜವಾಗಿ ಆಗುವ ಹೆರಿಗೆ ಒಂದು. ದಿನ ಗೊತ್ತು ಮಾಡಿಕೊಂಡು ಮಾಡಿಸುವ ಸಿಸೇರಿಯನ್ ಎರಡನೇದು. ನೋವು ಶುರುವಾಗಿ, ಗಂಟೆಗಟ್ಟಲೆ ಕಾದು, ಕೊನೆಗೆ ಬೇಕಾಗಿ ಬರುವ ಸಿಸೇರಿಯನ್ ಮೂರನೇದು. ಇದರಲ್ಲಿ ನೀವು ಮೊದಲೇ ಗೊತ್ತು ಮಾಡಿಕೊಳ್ಳಬಹುದಾದದ್ದು ಎರಡನೇದನ್ನು ಮಾತ್ರ. ನಾರ್ಮಲ್ ಹೆರಿಗೆಯನ್ನು ಯಾರೂ ಬುಕ್ ಮಾಡಲು ಆಗುವುದಿಲ್ಲ, ಪ್ರಯತ್ನ ಪಡಬಹುದು ಅಷ್ಟೇ. ಆ ಪ್ರಯತ್ನ ಮೊದಲನೇದರಲ್ಲೂ ಮುಗಿಯಬಹುದು, ಮೂರನೇದರಲ್ಲೂ ಮುಗಿಯಬಹುದು. ಹಾಗಾಗಿ "ನಾರ್ಮಲ್ ಒಳ್ಳೆಯದಾ, ಸಿಸೇರಿಯನ್ ಒಳ್ಳೆಯದಾ" ಅನ್ನುವ ಪ್ರಶ್ನೆಯೇ ಸ್ವಲ್ಪ ತಪ್ಪು. ಕೇಳಬೇಕಾದದ್ದು ಇದು: ನನ್ನ ಪರಿಸ್ಥಿತಿಯಲ್ಲಿ ಪ್ರಯತ್ನ ಪಟ್ಟರೆ ಅದು ನಾರ್ಮಲ್ ಆಗಿ ಮುಗಿಯುವ ಸಾಧ್ಯತೆ ಎಷ್ಟು, ಮುಗಿಯದೇ ಹೋದರೆ ಏನಾಗುತ್ತದೆ?

ಈ ಲೇಖನ ನಿಮ್ಮ ಡಾಕ್ಟರ್ ಜಾಗದಲ್ಲಿ ಕೂರುವುದಿಲ್ಲ. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅಂತ ಬರೆದದ್ದು.

ಹೆಜ್ಜೆ 1: ನಿಮಗೆ ನಿಜವಾಗಲೂ ಆಯ್ಕೆ ಇದೆಯಾ ನೋಡಿ

ಕೆಲವು ಸಂದರ್ಭಗಳಲ್ಲಿ ಆಯ್ಕೆ ಇರುವುದೇ ಇಲ್ಲ. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಬಾಯಿಯನ್ನೇ ಮುಚ್ಚಿಕೊಂಡು ಕೂತಿದ್ದರೆ ಸಿಸೇರಿಯನ್ನೇ ಆಗಬೇಕು. ಮಗು ಹೊರಬರುವ ದಾರಿಯಲ್ಲೇ ಮಾಸು ಇರುತ್ತದೆ, ಬಾಯಿ ತೆರೆದುಕೊಂಡ ಹಾಗೆ ರಕ್ತ ಸುರಿಯಲು ಶುರುವಾಗುತ್ತದೆ. ಮಗು ಅಡ್ಡ ಮಲಗಿದ್ದು ದಿನ ತುಂಬಿದರೂ ತಿರುಗದಿದ್ದರೆ ಹಾಗೇ. ಹಿಂದಿನ ಸಿಸೇರಿಯನ್‌ನಲ್ಲಿ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ದಿದ್ದರೆ ಅಥವಾ ಹಿಂದೆ ಯಾವಾಗಲಾದರೂ ಗರ್ಭಕೋಶ ಸೀಳಿದ್ದರೆ ನೋವಿಗೆ ಕಾಯುವುದೇ ಅಪಾಯ. ದಿನ ಹತ್ತಿರ ಬಂದಾಗ ಜನನಾಂಗದಲ್ಲಿ ಮೊದಲ ಸಲ ಹರ್ಪಿಸ್ ಹುಣ್ಣು ಕಾಣಿಸಿಕೊಂಡರೆ, ಅಥವಾ ಎಚ್‌ಐವಿ ಇದ್ದು ರಕ್ತದಲ್ಲಿ ವೈರಸ್ ಪ್ರಮಾಣ ಜಾಸ್ತಿ ಇದ್ದರೆ, ಮಗುವಿಗೆ ಸೋಂಕು ತಗಲದಿರಲಿ ಅಂತ ಸಿಸೇರಿಯನ್ ಹೇಳುತ್ತಾರೆ. ಎಚ್‌ಐವಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ನಾರ್ಮಲ್‌ಗೆ ಅಡ್ಡಿಯಿಲ್ಲ.

ಒಂದು ಮಾತು. 20ನೇ ವಾರದ ಸ್ಕ್ಯಾನ್‌ನಲ್ಲಿ "ಮಾಸು ಕೆಳಗಿದೆ" ಅಂತ ಬರೆದದ್ದನ್ನು ನೋಡಿ ಆಗಲೇ ಗಾಬರಿಯಾಗಬೇಡಿ. ಗರ್ಭಕೋಶ ಬೆಳೆದ ಹಾಗೆ ಬಹುಪಾಲು ಜನರಲ್ಲಿ ಮಾಸು ಮೇಲಕ್ಕೆ ಸರಿಯುತ್ತದೆ. 32ನೇ ವಾರದ ಆಸುಪಾಸಿನಲ್ಲಿ, ಬೇಕಾದರೆ 36ಕ್ಕೆ ಇನ್ನೊಮ್ಮೆ ನೋಡುತ್ತಾರೆ. ಆಗ ಕೇಳಬೇಕಾದ ಪ್ರಶ್ನೆ: ಮಾಸಿನ ಅಂಚು ಬಾಯಿಯಿಂದ ಎಷ್ಟು ದೂರದಲ್ಲಿದೆ? 2 ಸೆಂ.ಮೀ.ಗಿಂತ ದೂರ ಇದ್ದರೆ ಸಾಮಾನ್ಯವಾಗಿ ನಾರ್ಮಲ್‌ಗೆ ಪ್ರಯತ್ನ ಪಡಬಹುದು.

ಇನ್ನು, ಕಾರಣ ಅಂತ ಹೇಳಿದರೂ ಅಷ್ಟಕ್ಕೇ ಕಾರಣವಾಗದ ಸಂಗತಿಗಳು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಜನ ಹೆದರುವುದು ಇಲ್ಲೇ.

"ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿದೆ." ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಹೆಚ್ಚುಕಮ್ಮಿ 4–5 ಮಕ್ಕಳಲ್ಲಿ ಒಂದು ಹೀಗೇ ಹುಟ್ಟುತ್ತದೆ. ಹೊಟ್ಟೆಯೊಳಗೆ ಮಗು ಕುತ್ತಿಗೆಯಿಂದ ಉಸಿರಾಡುವುದಿಲ್ಲ, ಅದಕ್ಕೆ ಆಮ್ಲಜನಕ ಬರುವುದು ಬಳ್ಳಿಯಿಂದಲೇ. ತಲೆ ಹೊರಬಂದ ಮೇಲೆ ಬಳ್ಳಿಯನ್ನು ಬೆರಳಲ್ಲಿ ಎತ್ತಿ ತಲೆಯ ಮೇಲಿಂದ ದಾಟಿಸುತ್ತಾರೆ, ಮುಗಿಯಿತು. ಹೆರಿಗೆಯ ವೇಳೆ ಮಗುವಿನ ಎದೆಬಡಿತ ಇಳಿದರೆ ಆಗ ಅದಕ್ಕೆ ತಕ್ಕ ತೀರ್ಮಾನ. ಸ್ಕ್ಯಾನ್‌ನಲ್ಲಿ ಕಂಡಿತು ಅನ್ನುವುದಷ್ಟೇ ಆಪರೇಷನ್‌ಗೆ ಕಾರಣವಲ್ಲ.

"ಮಗು ದಪ್ಪ ಇದೆ." ಸ್ಕ್ಯಾನ್ ತೂಕ ಹಾಕುವುದಿಲ್ಲ, ಅಂದಾಜು ಮಾಡುತ್ತದೆ. ತಲೆ, ಹೊಟ್ಟೆ, ತೊಡೆ ಮೂಳೆ ಅಳೆದು ಸೂತ್ರಕ್ಕೆ ಹಾಕಿದ ಲೆಕ್ಕ ಅದು. ಆಚೀಚೆ ಶೇ. 10ರಿಂದ 15 ತಪ್ಪಬಹುದು. 4 ಕೆ.ಜಿ. ಅಂತ ಬಂದ ಮಗು ಹುಟ್ಟಿದಾಗ ಮೂರೂವರೆ ಕೆ.ಜಿ. ಇರಬಹುದು, ನಾಲ್ಕೂವರೆಯೂ ಇರಬಹುದು. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜಿನ ಮಾರ್ಗಸೂಚಿ ತೂಕದ ಒಂದೇ ಕಾರಣಕ್ಕೆ ಸಿಸೇರಿಯನ್ ಯೋಚಿಸಿ ಅನ್ನುವುದು ಅಂದಾಜು ತೂಕ 5 ಕೆ.ಜಿ. ದಾಟಿದಾಗ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ 4.5 ಕೆ.ಜಿ. ದಾಟಿದಾಗ. ಸಕ್ಕರೆ ಕಾಯಿಲೆ ಇರುವವರ ಮಗುವಿನ ಭುಜ, ಎದೆ ತಲೆಗಿಂತ ಅಗಲವಾಗಿ ಬೆಳೆದಿರಬಹುದು, ತಲೆ ಬಂದು ಭುಜ ಸಿಕ್ಕಿಕೊಳ್ಳುವ ಭಯ ಅವರಲ್ಲಿ ಜಾಸ್ತಿ.

"ನೀನು ಕುಳ್ಳಗಿದ್ದೀಯ, ದಾರಿ ಸಾಲುವುದಿಲ್ಲ." ದಾರಿ ಸಾಲುತ್ತದೋ ಇಲ್ಲವೋ ನೋವು ಶುರುವಾಗದೆ ಖಚಿತವಾಗಿ ಹೇಳುವುದು ಕಷ್ಟ. ಹೆರಿಗೆಯಲ್ಲಿ ಸೊಂಟದ ಕೀಲುಗಳು ಸ್ವಲ್ಪ ಸಡಿಲವಾಗುತ್ತವೆ, ಮಗುವಿನ ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ಜಾರಿ ತಲೆ ಕಿರಿದಾಗುತ್ತದೆ. ಎತ್ತರ ನೋಡಿ ಸಿಸೇರಿಯನ್ ಗೊತ್ತು ಮಾಡುವುದು ಸರಿಯಲ್ಲ. ಸೊಂಟದ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿದ್ದರೆ ಅದು ಬೇರೆ ಮಾತು.

ಕನ್ನಡಕದ ಮೈನಸ್ ಪವರ್ ಜಾಸ್ತಿ ಇದೆ, ಮಗುವನ್ನು ಹೊರದೂಡಲು ಮುಕ್ಕಿದರೆ ಕಣ್ಣು ಹೋಗುತ್ತದೆ ಅನ್ನುವುದೂ ಹಾಗೇ. ಸಾಮಾನ್ಯ ಸಮೀಪದೃಷ್ಟಿಗೂ ಸಿಸೇರಿಯನ್‌ಗೂ ಸಂಬಂಧವಿಲ್ಲ. ಐವಿಎಫ್ ಮಗು, ಥೈರಾಯ್ಡ್ ಇದೆ, ವಯಸ್ಸು 35 ದಾಟಿತು, ಇವೂ ಒಂಟಿಯಾಗಿ ಕಾರಣಗಳಲ್ಲ. ಮಗುವಿನ ಸುತ್ತ ಇರುವ ನೀರು ಕಡಿಮೆ ಇದೆ ಅಂದರೆ ಬೇಗ ಹೆರಿಗೆ ಮಾಡಿಸಬೇಕಾಗಬಹುದು, ಆದರೆ ಬೇಗ ಅಂದರೆ ನೋವು ಬರಿಸಿ ನಾರ್ಮಲ್‌ಗೆ ಪ್ರಯತ್ನಿಸುವುದೂ ಆಗಬಹುದಲ್ವಾ? ಬಿಪಿ ಜಾಸ್ತಿಯಾದಾಗಲೂ ಇದೇ ಪ್ರಶ್ನೆ ಕೇಳಿ. "ಬೇಗ ಆಗಬೇಕು" ಮತ್ತು "ಆಪರೇಷನ್ನೇ ಆಗಬೇಕು" ಎರಡೂ ಬೇರೆ ಬೇರೆ.

ಹೆಜ್ಜೆ 2: ಆಯ್ಕೆ ಇದೆ, ಇಲ್ಲ ಅನ್ನುವುದರ ನಡುವೆ ಇರುವವರು ನೀವಾದರೆ

ಮಗುವಿನ ತಲೆ ಮೇಲೆ, ಕುಂಡೆ ಕೆಳಗೆ ಇದ್ದರೆ. ದಿನ ತುಂಬುವ ಹೊತ್ತಿಗೆ 100ಕ್ಕೆ 3–4 ಮಕ್ಕಳು ಹೀಗಿರುತ್ತವೆ. 2000ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ನಂತರ ಇಂಥ ಮಕ್ಕಳಿಗೆ ಸಿಸೇರಿಯನ್ನೇ ರೂಢಿಯಾಯಿತು. ಆದರೆ ಅದಕ್ಕೂ ಮೊದಲು ಒಂದು ಅವಕಾಶವಿದೆ. 36–37ನೇ ವಾರದ ಹೊತ್ತಿಗೆ, ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ಒತ್ತುತ್ತಾ ಮಗುವನ್ನು ತಿರುಗಿಸುತ್ತಾರೆ. ಸುಮಾರು ಅರ್ಧದಷ್ಟು ಸಲ ಮಗು ತಿರುಗುತ್ತದೆ. ಇದನ್ನು ಪಳಗಿದ ಡಾಕ್ಟರ್, ಆಸ್ಪತ್ರೆಯಲ್ಲಿ, ಮಗುವಿನ ಎದೆಬಡಿತ ನೋಡುತ್ತಾ ಮಾಡಬೇಕು. ಮನೆಯಲ್ಲಿ ಯಾರೋ ಹೊಟ್ಟೆ ನೀವಿ ತಿರುಗಿಸುತ್ತೇನೆ ಅಂದರೆ ಬಿಡಬೇಡಿ. ನಿಮ್ಮ ಆಸ್ಪತ್ರೆಯಲ್ಲಿ ಇದನ್ನು ಮಾಡುತ್ತಾರಾ ಅಂತ ಕೇಳಿ, ಎಷ್ಟೋ ಕಡೆ ಕೇಳದಿದ್ದರೆ ಆ ವಿಷಯವೇ ಬರುವುದಿಲ್ಲ.

ಅವಳಿ ಮಕ್ಕಳಾದರೆ ಮೊದಲ ಮಗುವಿನ ತಲೆ ಎಲ್ಲಿದೆ ಅನ್ನುವುದು ಮುಖ್ಯ. ತಲೆ ಕೆಳಗಿದ್ದು ಬೇರೇನೂ ತೊಂದರೆ ಇಲ್ಲದಿದ್ದರೆ, ಮೊದಲೇ ಗೊತ್ತು ಮಾಡಿದ ಸಿಸೇರಿಯನ್‌ನಿಂದ ಮಕ್ಕಳಿಗೆ ಹೆಚ್ಚಿನ ಲಾಭ ಸಿಗಲಿಲ್ಲ ಅಂತ 2013ರ ಒಂದು ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ಎರಡು ಮಕ್ಕಳಿಗೂ ಒಂದೇ ನೀರಿನ ಚೀಲ ಇದ್ದರೆ ಮಾತ್ರ ಸಿಸೇರಿಯನ್ನೇ.

ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ. "ಒಂದು ಸಲ ಸಿಸೇರಿಯನ್ ಆದರೆ ಮುಂದೆಲ್ಲಾ ಸಿಸೇರಿಯನ್ನೇ" ಅನ್ನುವ ಮಾತು ಹಳೆಯದು. ಕೊಯ್ತ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಇದ್ದರೆ, ಪ್ರಯತ್ನ ಪಟ್ಟ ನಾಲ್ಕು ಜನರಲ್ಲಿ ಸುಮಾರು ಮೂವರಿಗೆ ನಾರ್ಮಲ್ ಆಗುತ್ತದೆ. ಮೊದಲು ಒಂದಾದರೂ ನಾರ್ಮಲ್ ಹೆರಿಗೆ ಆಗಿದ್ದರೆ ಇನ್ನೂ ಜಾಸ್ತಿ ಜನಕ್ಕೆ ಆಗುತ್ತದೆ, ಶೇ. 85–90. ಅಪಾಯ ಏನೆಂದರೆ ಹಳೆಯ ಹೊಲಿಗೆ ಬಿಟ್ಟು ಗರ್ಭಕೋಶ ಸೀಳುವುದು. ಅದು ಸುಮಾರು 200ಕ್ಕೆ 1. ಔಷಧಿ ಕೊಟ್ಟು ನೋವು ಬರಿಸಿದರೆ ಅಪಾಯ ಇದಕ್ಕಿಂತ ಜಾಸ್ತಿ. 200ಕ್ಕೆ 1 ಅನ್ನುವುದು ಚಿಕ್ಕ ಸಂಖ್ಯೆಯೇ, ಆದರೆ ಆದಾಗ ನಿಮಿಷಗಳ ಲೆಕ್ಕ. ಹಾಗಾಗಿ ಹಗಲು ರಾತ್ರಿ ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರ್, ರಕ್ತ ಸಿಗುವ ಕಡೆಯಲ್ಲಿ ಮಾತ್ರ ಪ್ರಯತ್ನ ಪಡಿ. ರಾತ್ರಿ ಅರಿವಳಿಕೆ ಡಾಕ್ಟರನ್ನು ಫೋನ್ ಮಾಡಿ ಮನೆಯಿಂದ ಕರೆಸಬೇಕು ಅನ್ನುವ ಜಾಗದಲ್ಲಿ ಬೇಡ. ನೇರವಾಗಿ ಹೇಳಬೇಕೆಂದರೆ, ಅಂಥ ಕಡೆ ಮೊದಲೇ ಗೊತ್ತು ಮಾಡಿದ ಸಿಸೇರಿಯನ್ನೇ ವಾಸಿ.

ಹೆಜ್ಜೆ 3: ನಿಮಗೆ ಎಷ್ಟು ಮಕ್ಕಳು ಬೇಕು?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಎಲ್ಲ ಲೆಕ್ಕ ಬದಲಾಗುವುದು ಇಲ್ಲೇ.

ಮೊದಲ ಸಿಸೇರಿಯನ್ ಸಾಮಾನ್ಯವಾಗಿ ಸುರಕ್ಷಿತ ಆಪರೇಷನ್. ತೊಂದರೆ ಕೂಡುತ್ತಾ ಹೋಗುವುದು ಎರಡು, ಮೂರು, ನಾಲ್ಕನೇದರಲ್ಲಿ. ಒಳಗೆ ಕರುಳು, ಮೂತ್ರಕೋಶ ಎಲ್ಲಾ ಹಳೆಯ ಗಾಯಕ್ಕೆ ಅಂಟಿಕೊಂಡಿರಬಹುದು. ಅದಕ್ಕಿಂತ ದೊಡ್ಡದು ಮಾಸಿನ ವಿಷಯ. ಮುಂದಿನ ಬಸುರಿನಲ್ಲಿ ಮಾಸು ಹಳೆಯ ಕೊಯ್ತದ ಜಾಗದಲ್ಲೇ ಬೇರು ಬಿಟ್ಟು ಗರ್ಭಕೋಶದ ಗೋಡೆಯೊಳಗೆ ಇಳಿಯಬಹುದು. ಹೆರಿಗೆಯಾದ ಮೇಲೆ ಅದು ಬಿಡಿಸಿಕೊಳ್ಳುವುದಿಲ್ಲ, ರಕ್ತ ನಿಲ್ಲುವುದಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. 2006ರಲ್ಲಿ ಪ್ರಕಟವಾದ, 30,000ಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ನೋಡಿದ ಅಮೆರಿಕದ ಅಧ್ಯಯನದಲ್ಲಿ, ಮಾಸು ಬಾಯಿಯ ಮೇಲೆ ಕೂತಿದ್ದ ಹೆಂಗಸರಲ್ಲಿ ಹೀಗೆ ಆಳಕ್ಕೆ ಇಳಿದದ್ದು ಮೊದಲ ಸಿಸೇರಿಯನ್ ಆಗುವವರಲ್ಲಿ ಶೇ. 3, ಎರಡನೇದರಲ್ಲಿ ಶೇ. 11, ಮೂರನೇದರಲ್ಲಿ ಶೇ. 40. ಮಾಸು ಬಾಯಿಯ ಮೇಲೆ ಕೂರದಿದ್ದರೆ ಅಪಾಯ ಇದಕ್ಕಿಂತ ತುಂಬಾ ಕಡಿಮೆ. ಆದರೆ ಏರಿಕೆ ಹೇಗಿದೆ ನೋಡಿ.

ಒಂದೇ ಮಗು ಸಾಕು ಅನ್ನುವವರಿಗೆ ಇದು ಅಷ್ಟು ಮುಖ್ಯವಲ್ಲ. ಮೂರು ಮಕ್ಕಳು ಬೇಕು ಅನ್ನುವವರು ಮೊದಲನೇದನ್ನು ಸುಮ್ನೆ ಸಿಸೇರಿಯನ್ ಮಾಡಿಸುವ ಮುಂಚೆ ಎರಡು ಸಲ ಯೋಚಿಸಬೇಕು.

ಹೆಜ್ಜೆ 4: ಎರಡೂ ಕಡೆಯ ಕಷ್ಟ ತೂಗಿ ನೋಡಿ

ನಾರ್ಮಲ್ ಹೆರಿಗೆಯಲ್ಲಿ ನೋವು ಮುಂಚೆ, ಸಿಸೇರಿಯನ್‌ನಲ್ಲಿ ನೋವು ಆಮೇಲೆ. ನೋವೇ ಇಲ್ಲದ ದಾರಿ ಯಾವುದೂ ಇಲ್ಲ.

ನಾರ್ಮಲ್ ಆದರೆ ಬೇಗ ಎದ್ದು ಓಡಾಡಬಹುದು, ಒಂದೆರಡು ದಿನದಲ್ಲಿ ಮನೆಗೆ. ಮಗುವಿಗೆ ಹುಟ್ಟಿದ ತಕ್ಷಣ ಉಸಿರಾಟದ ತೊಂದರೆ ಕಡಿಮೆ, ಎದೆಹಾಲು ಶುರು ಮಾಡುವುದು ಸುಲಭ. ಆದರೆ ಚೊಚ್ಚಲ ಹೆರಿಗೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಕೆಳಗೆ ಸ್ವಲ್ಪವಾದರೂ ಹರಿಯುತ್ತದೆ. ಹೆಚ್ಚಿನವು ಚಿಕ್ಕವು, ಕೆಲವು ವಾರದಲ್ಲಿ ಮಾಯುತ್ತವೆ. ಗುದದ್ವಾರದ ಸ್ನಾಯುವರೆಗೂ ಹರಿಯುವುದು ಮಾತ್ರ ಗಂಭೀರ. ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜಿನ ಪ್ರಕಾರ ಅದು ಚೊಚ್ಚಲ ಹೆರಿಗೆಯಲ್ಲಿ 100ಕ್ಕೆ 6, ಆಮೇಲಿನ ಹೆರಿಗೆಗಳಲ್ಲಿ 100ಕ್ಕೆ 2. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದು, ಮುಂದೆ ಗರ್ಭಕೋಶ ಜಾರುವುದು ನಾರ್ಮಲ್ ಆದವರಲ್ಲಿ ಸ್ವಲ್ಪ ಜಾಸ್ತಿ. ಇದನ್ನು ಮುಚ್ಚಿಟ್ಟು "ನಾರ್ಮಲ್ ಆದರೆ ಏನೂ ತೊಂದರೆ ಇಲ್ಲ" ಅನ್ನುವವರು ಅರ್ಧ ಸತ್ಯ ಹೇಳುತ್ತಿದ್ದಾರೆ.

ಸಿಸೇರಿಯನ್‌ನಲ್ಲಿ ದಿನ ಗೊತ್ತಿರುತ್ತದೆ, ಗಂಟೆಗಟ್ಟಲೆ ನೋವಿಲ್ಲ, ಕೆಳಗೆ ಹರಿಯುವುದಿಲ್ಲ. ಆದರೆ ಅದು ಹೊಟ್ಟೆಯ ದೊಡ್ಡ ಆಪರೇಷನ್. ರಕ್ತ ಹೋಗುವುದು ಜಾಸ್ತಿ, ಗಾಯಕ್ಕೆ ಸೋಂಕು ತಗಲಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ, ಪೂರ್ತಿ ಚೇತರಿಸಿಕೊಳ್ಳಲು 6 ವಾರವೋ ಇನ್ನೂ ಜಾಸ್ತಿಯೋ ಬೇಕು.

ಮಗುವಿನ ವಿಷಯದಲ್ಲಿ ತಾರೀಖು ತುಂಬಾ ಮುಖ್ಯ. ಹೆರಿಗೆ ನೋವು ಶುರುವಾದಾಗ ಮಗುವಿನ ಶ್ವಾಸಕೋಶದಲ್ಲಿ ತುಂಬಿರುವ ನೀರು ಹೀರಿಕೊಳ್ಳಲು ಆರಂಭವಾಗುತ್ತದೆ. ನೋವಿಲ್ಲದೆ ಬೇಗ ತೆಗೆದರೆ ಆ ನೀರು ಹಾಗೇ ಉಳಿದು ಮಗು ಏದುಸಿರು ಬಿಡಬಹುದು, ಒಂದೆರಡು ದಿನ ಮಕ್ಕಳ ಐಸಿಯುನಲ್ಲಿ ಇರಬೇಕಾಗಬಹುದು. ಅದಕ್ಕೇ ಬೇರೆ ತುರ್ತು ಕಾರಣ ಇಲ್ಲದಿದ್ದರೆ 39 ವಾರ ತುಂಬುವ ಮುಂಚೆ ಸಿಸೇರಿಯನ್ ಬೇಡ ಅನ್ನುತ್ತಾರೆ. ಯಾರಿಗೋ ಅನುಕೂಲ ಅಂತ 37ನೇ ವಾರಕ್ಕೆ ದಿನ ಇಟ್ಟರೆ ಒಪ್ಪಬೇಡಿ.

ಮೂರನೇ ದಾರಿಯನ್ನೂ ತಕ್ಕಡಿಗೆ ಹಾಕಿ. ಗಂಟೆಗಟ್ಟಲೆ ನೋವು ತಿಂದು, ಸುಸ್ತಾಗಿ, ಆಮೇಲೆ ಮಾಡುವ ಸಿಸೇರಿಯನ್‌ನಲ್ಲಿ ಸೋಂಕು, ರಕ್ತಸ್ರಾವ ಎಲ್ಲವೂ ಮೊದಲೇ ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ. ನಿಮ್ಮ ಕೇಸಿನಲ್ಲಿ ನಾರ್ಮಲ್ ಆಗುವ ಸಾಧ್ಯತೆ ತುಂಬಾ ಕಡಿಮೆ ಅಂತಾದರೆ, ಮೊದಲೇ ಗೊತ್ತು ಮಾಡಿಕೊಳ್ಳುವುದೇ ಜಾಣತನ. ಸಾಧ್ಯತೆ ಚೆನ್ನಾಗಿದ್ದರೆ ಪ್ರಯತ್ನ ಪಡಿ. ಆರೋಗ್ಯವಾಗಿರುವ, ಮಗುವಿನ ತಲೆ ಕೆಳಗಿರುವ, ಹಿಂದೆ ಆಪರೇಷನ್ ಆಗಿರದ ಹೆಚ್ಚಿನವರಿಗೆ ಪ್ರಯತ್ನವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 5: ಭಯವನ್ನು ಬಾಯಿಬಿಟ್ಟು ಹೇಳಿ

ಸಿಸೇರಿಯನ್ ಬೇಕು ಅನ್ನುವವರಲ್ಲಿ ಎಷ್ಟೋ ಜನರಿಗೆ ನಿಜವಾಗಿ ಬೇಕಿರುವುದು ಆಪರೇಷನ್ ಅಲ್ಲ, ನೋವಿನಿಂದ ಬಿಡುಗಡೆ. ಅದಕ್ಕೆ ಎಪಿಡ್ಯೂರಲ್ ಇದೆ. ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಔಷಧಿ ಬಿಡುತ್ತಾರೆ, ನೋವು ತುಂಬಾ ಇಳಿಯುತ್ತದೆ. ಮುಕ್ಕುವ ಹಂತ ಸ್ವಲ್ಪ ಉದ್ದವಾಗಬಹುದು, ಆದರೆ ಎಪಿಡ್ಯೂರಲ್ ತೆಗೆದುಕೊಂಡರೆ ಸಿಸೇರಿಯನ್ ಆಗೇ ಆಗುತ್ತದೆ ಅನ್ನುವುದು ಸುಳ್ಳು.

ಇನ್ನು ಕೆಲವರ ಭಯ ನೋವಿಗಿಂತ ಆಳವಾದದ್ದು. ಹಿಂದಿನ ಹೆರಿಗೆ ಕೆಟ್ಟದಾಗಿ ಆಗಿರಬಹುದು, ಮಗು ಕಳೆದುಕೊಂಡಿರಬಹುದು, ದೇಹದ ಮೇಲೆ ಯಾರೋ ದೌರ್ಜನ್ಯ ಮಾಡಿರಬಹುದು, ಕೆಳಗೆ ಪರೀಕ್ಷೆ ಮಾಡುವುದೇ ಸಹಿಸಲಾಗದ ಹಾಗಿರಬಹುದು. ಇಂಥವರಿಗೆ "ಎಲ್ಲರೂ ಹೆರುವುದಿಲ್ಲವಾ" ಅನ್ನುವುದು ಉತ್ತರವಲ್ಲ. ಡಾಕ್ಟರ್‌ಗೆ ಹೇಳಿ, ಕೌನ್ಸೆಲಿಂಗ್ ಕೇಳಿ. ಎಲ್ಲ ಕೇಳಿ ತಿಳಿದ ಮೇಲೂ ಸಿಸೇರಿಯನ್ನೇ ಬೇಕು ಅನ್ನಿಸಿದರೆ ಅದು ನ್ಯಾಯವಾದ ಕಾರಣವೇ. ಬ್ರಿಟನ್ನಿನ ಮಾರ್ಗಸೂಚಿಯಂತೂ ಹಾಗೆ ಕೇಳಿದವರಿಗೆ ಮಾಡಿಕೊಡಬೇಕು ಅನ್ನುತ್ತದೆ. ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಹೆಜ್ಜೆ 6: ಡಾಕ್ಟರ್ ಮುಂದೆ, ಆಸ್ಪತ್ರೆ ಮುಂದೆ

34–36ನೇ ವಾರದೊಳಗೆ ಈ ಮಾತುಕತೆ ಮುಗಿಯಲಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಬರೆದುಕೊಳ್ಳಿ. ಸಿಸೇರಿಯನ್ ಅಂದರೆ ಯಾಕೆ ಅಂತ ಕೇಳಿ. ಮಾಡದಿದ್ದರೆ ಏನಾಗಬಹುದು, ಎಷ್ಟು ಜನರಲ್ಲಿ ಹಾಗಾಗುತ್ತದೆ, ಬೇರೆ ದಾರಿ ಇದೆಯಾ, ಒಂದು ವಾರ ಕಾಯಬಹುದಾ? ಈ ನಾಲ್ಕು ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಕೊಡುವ ಡಾಕ್ಟರ್ ಸಿಕ್ಕರೆ ಬಿಡಬೇಡಿ. "ನಿಮಗೆ ಗೊತ್ತಾಗಲ್ಲ, ನಾನು ಹೇಳಿದ್ದು ಮಾಡಿ" ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ, ಅದರಲ್ಲಿ ತಪ್ಪೇನೂ ಇಲ್ಲ.

ಆಸ್ಪತ್ರೆಯ ಬಗ್ಗೆಯೂ ಕೇಳಿ. ಚೊಚ್ಚಲ ಹೆರಿಗೆಗೆ ಬಂದವರಲ್ಲಿ ಎಷ್ಟು ಜನಕ್ಕೆ ಸಿಸೇರಿಯನ್ ಆಗುತ್ತದೆ? ಜಗತ್ತಿನಲ್ಲಿ ಈಗ 5 ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಿಸೇರಿಯನ್ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತ್ತು. ಇಡೀ ಜನಸಂಖ್ಯೆಯ ಲೆಕ್ಕದಲ್ಲಿ ಶೇ. 10 ದಾಟಿದ ಮೇಲೆ ತಾಯಿ-ಮಗುವಿನ ಸಾವು ಇನ್ನಷ್ಟು ಇಳಿದದ್ದು ಕಾಣುವುದಿಲ್ಲ ಅಂತಲೂ ಅದೇ ಸಂಸ್ಥೆ 2015ರಲ್ಲಿ ಹೇಳಿದೆ. ಕಷ್ಟದ ಕೇಸುಗಳೇ ಬರುವ ದೊಡ್ಡ ಆಸ್ಪತ್ರೆಯಲ್ಲಿ ಸಂಖ್ಯೆ ಜಾಸ್ತಿ ಇರುವುದು ಸಹಜ. ಮಾಮೂಲಿ ಕೇಸುಗಳೇ ಬರುವ ಕಡೆ ಮುಕ್ಕಾಲು ಪಾಲು ಸಿಸೇರಿಯನ್ ಅಂದರೆ, ಏನೋ ಸರಿಯಿಲ್ಲ.

ನೋವಿನ ವೇಳೆ ಜೊತೆಗೆ ನಿಮ್ಮವರೊಬ್ಬರನ್ನು ಬಿಡುತ್ತಾರಾ ಅನ್ನುವುದನ್ನು ಮರೆಯದೆ ಕೇಳಿ. ಇದು ಬರೀ ಧೈರ್ಯಕ್ಕಲ್ಲ. ಉದ್ದಕ್ಕೂ ಒಬ್ಬರು ಜೊತೆಗಿದ್ದವರಲ್ಲಿ ನಾರ್ಮಲ್ ಆಗುವುದು ಜಾಸ್ತಿ, ಹೆರಿಗೆಯ ಅವಧಿಯೂ ಸ್ವಲ್ಪ ಕಡಿಮೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಹೆಜ್ಜೆ 7: ನಾರ್ಮಲ್‌ಗೆ ಪ್ರಯತ್ನ ಅಂತ ತೀರ್ಮಾನಿಸಿದರೆ

34–35ನೇ ವಾರದಿಂದ ಯೋನಿ ಮತ್ತು ಗುದದ ನಡುವಿನ ಜಾಗಕ್ಕೆ ಎಣ್ಣೆ ಹಚ್ಚಿ ಬೆರಳಲ್ಲಿ ನಿಧಾನವಾಗಿ ಹಿಗ್ಗಿಸುವ ಮಸಾಜ್ ಮಾಡಿಕೊಂಡರೆ ಚೊಚ್ಚಲ ಹೆರಿಗೆಯಲ್ಲಿ ಹೊಲಿಗೆ ಬೀಳುವುದು ಕಡಿಮೆಯಾಗುತ್ತದೆ. ಹೇಗೆ ಅಂತ ನರ್ಸ್ ಹತ್ತಿರ ಕೇಳಿಕೊಳ್ಳಿ. ನಡಿಗೆ ಒಳ್ಳೆಯದು.

ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಓಡಬೇಕಿಲ್ಲ, ನೀರು ಒಡೆದಿಲ್ಲ, ರಕ್ತ ಹೋಗುತ್ತಿಲ್ಲ, ಮಗು ಚೆನ್ನಾಗಿ ಆಡುತ್ತಿದೆ, ನಿಮಗೆ ಹಿಂದೆ ಆಪರೇಷನ್ ಆಗಿಲ್ಲ ಅಂದರೆ. ಗರ್ಭಕೋಶದ ಬಾಯಿ 10 ಸೆಂ.ಮೀ. ತೆರೆಯಬೇಕು. ಮೊದಲ 5 ಸೆಂ.ಮೀ.ವರೆಗೆ ಆಮೆಗತಿ, ಒಂದು ದಿನವೂ ಹಿಡಿಯಬಹುದು. ಇಷ್ಟರಲ್ಲೇ ದಾಖಲಾದವರಿಗೆ "ಪ್ರೋಗ್ರೆಸ್ ಇಲ್ಲ" ಅಂತ ಹೇಳಿಸಿಕೊಳ್ಳುವ ಸಂಭವ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನೇ ಸ್ಪಷ್ಟ ಮಾಡಿತು: ಜೋರು ಹಂತ ಶುರುವಾಗುವುದು 5 ಸೆಂ.ಮೀ.ನಿಂದ, ಗಂಟೆಗೆ 1 ಸೆಂ.ಮೀ. ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಚೊಚ್ಚಲದಲ್ಲಿ ಆಮೇಲಿನ ಜೋರು ಹಂತವೇ 12 ಗಂಟೆವರೆಗೆ ಹೋಗಬಹುದು, ಮುಕ್ಕುವುದು 3 ಗಂಟೆವರೆಗೆ.

ಮಲಗೇ ಇರಬೇಡಿ. ನಿಂತು, ನಡೆದು, ಯಾರ ಹೆಗಲಿಗಾದರೂ ಜೋತು ಬಿದ್ದು, ಮಂಡಿಯೂರಿ, ಹೇಗೆ ಅನುಕೂಲವೋ ಹಾಗೆ ಇರಿ. ಮೈ ನೆಟ್ಟಗಿದ್ದರೆ ಮೊದಲ ಹಂತ ಬೇಗ ಮುಗಿಯುತ್ತದೆ. ಮಗು ಬರುವ ದಾರಿ ಅಗಲವಾಗಲಿ ಅಂತ ಎಲ್ಲರಿಗೂ ಕೆಳಗೆ ಕೊಯ್ಯುವ ಪದ್ಧತಿ ಈಗ ಬೇಡ ಅನ್ನುತ್ತಾರೆ, ಅಗತ್ಯ ಬಿದ್ದರೆ ಮಾತ್ರ ಕೊಯ್ಯಿ ಅಂತ ಮುಂಚೆಯೇ ಹೇಳಿಡಿ.

ನೋವು ಬರಿಸೋಣ ಅಂದರೆ ಅದೇನೂ ಸಿಸೇರಿಯನ್‌ಗೆ ಮುನ್ನುಡಿಯಲ್ಲ. 2018ರ ಅಮೆರಿಕದ ಅಧ್ಯಯನವೊಂದರಲ್ಲಿ, ತೊಂದರೆ ಇಲ್ಲದ ಚೊಚ್ಚಲ ಬಸುರಿಯರಿಗೆ 39ನೇ ವಾರದಲ್ಲಿ ನೋವು ಬರಿಸಿದಾಗ ಸಿಸೇರಿಯನ್ ಆದದ್ದು ಶೇ. 18.6, ಕಾದವರಲ್ಲಿ ಶೇ. 22.2. ಆದರೆ ತಾಳ್ಮೆಯಿಂದ ಸಮಯ ಕೊಡುವ ಕಡೆ ಮಾತ್ರ ಈ ಲೆಕ್ಕ ನಿಜವಾಗುತ್ತದೆ.

ಹೆಜ್ಜೆ 8: ನಡುವೆ "ಸಿಸೇರಿಯನ್ ಮಾಡೋಣ" ಅಂದರೆ

ಆಗ ಯೋಚಿಸುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ. ಜೊತೆಗಿರುವವರಿಗೆ ಮೊದಲೇ ಹೇಳಿಕೊಡಿ, ಅವರು ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: "ಈಗಲೇ ಆಗಬೇಕಾ, ಸ್ವಲ್ಪ ಸಮಯ ಇದೆಯಾ?"

ಮಗುವಿಗಿಂತ ಮುಂಚೆ ಬಳ್ಳಿ ಹೊರಬಂದಿದೆ, ಎದೆಬಡಿತ ಇಳಿದು ಮೇಲೇಳುತ್ತಿಲ್ಲ, ಜೋರಾಗಿ ರಕ್ತ ಹೋಗುತ್ತಿದೆ ಅಂದರೆ ಆಗ ಪ್ರಶ್ನೆ ಬೇಡ, ಸಹಿ ಹಾಕಿ ಬಿಡಿ. ಸಮಯ ಇದೆ ಅಂದರೆ ಮುಂದೆ ಕೇಳಿ. ಬಾಯಿ ಎಷ್ಟು ತೆರೆದಿದೆ? ನೋವು ಸಾಕಷ್ಟು ಜೋರಾಗಿದೆಯಾ, ಜೋರು ಮಾಡುವ ಡ್ರಿಪ್ ಕೊಟ್ಟಿದ್ದಾರಾ? ಮಗುವಿನ ಎದೆಬಡಿತ ಚೆನ್ನಾಗಿದೆಯಾ? ಮಗ್ಗುಲು ಬದಲಿಸಿ ಇನ್ನೂ ಒಂದೆರಡು ಗಂಟೆ ನೋಡಬಹುದಾ? ಮಗು ಒಳಗೆ ಮಲ ಮಾಡಿಕೊಂಡಿದೆ ಅಂದರೂ ಮೊದಲು ಎದೆಬಡಿತದ ಬಗ್ಗೆ ಕೇಳಿ, ದಿನ ತುಂಬಿದ ಮಕ್ಕಳಲ್ಲಿ ಅದು ಅಪರೂಪವೇನಲ್ಲ. ತಲೆ ಚೆನ್ನಾಗಿ ಕೆಳಗಿಳಿದಿದ್ದರೆ ತಲೆಗೆ ಅಂಟಿಸಿ ಎಳೆಯುವ ವ್ಯಾಕ್ಯೂಮ್ ಬಟ್ಟಲು ಅಥವಾ ಇಕ್ಕಳದಂಥ ಫೋರ್ಸೆಪ್ಸ್ ಹಾಕಿಯೂ ತೆಗೆಯಬಹುದು.

ಇಷ್ಟೆಲ್ಲಾ ಆಗಿ ಸಿಸೇರಿಯನ್ ಆದರೆ ಅದು ಸೋಲಲ್ಲ, ಮೂರನೇ ದಾರಿ ಅಷ್ಟೇ.

ಹೆಜ್ಜೆ 9: ಸಿಸೇರಿಯನ್ ಅಂತ ಗೊತ್ತಾಗಿದ್ದರೆ

ಹಿಂದಿನ ದಿನ ಅರಿವಳಿಕೆ ಡಾಕ್ಟರ್ ಹತ್ತಿರ ಮಾತಾಡಿ, ಅಲರ್ಜಿ ಇದ್ದರೆ ಹೇಳಿ. ಗಟ್ಟಿ ಆಹಾರ 6 ಗಂಟೆ ಮುಂಚೆ ನಿಲ್ಲಿಸಬೇಕು, ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ಕೂದಲನ್ನು ಮನೆಯಲ್ಲಿ ಬ್ಲೇಡ್‌ನಿಂದ ತೆಗೆಯಬೇಡಿ, ಸಣ್ಣ ಗಾಯಗಳಾಗಿ ಸೋಂಕಿಗೆ ದಾರಿಯಾಗುತ್ತದೆ.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಥಿಯೇಟರ್ ತುಂಬಾ ತಣ್ಣಗಿರುತ್ತದೆ. ಮಂಚದ ಅಂಚಿಗೆ ಕೂರಿಸಿ, ಗಲ್ಲ ಎದೆಗೆ ತಾಗುವ ಹಾಗೆ ಬಾಗಿಸಿ, ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಕಾಲು ಬಿಸಿಯಾಗಿ ಭಾರವಾಗುತ್ತದೆ, ಎತ್ತಲು ನೋಡಿದರೆ ಬರುವುದಿಲ್ಲ. ತಣ್ಣನೆಯದೇನನ್ನೋ ಹೊಟ್ಟೆಗೆ ತಾಗಿಸಿ "ತಣ್ಣಗೆ ಅನ್ನಿಸುತ್ತಾ" ಅಂತ ಕೇಳುತ್ತಾರೆ, ಅನ್ನಿಸಿದರೆ ಅನ್ನಿಸುತ್ತೆ ಅಂತಲೇ ಹೇಳಿ, ಸಂಕೋಚ ಬೇಡ. ಬಿಪಿ ಇಳಿದು ವಾಂತಿ ಬಂದ ಹಾಗಾದರೆ ತಲೆಯ ಹತ್ತಿರ ನಿಂತವರಿಗೆ ಹೇಳಿ, ತಕ್ಷಣ ಔಷಧಿ ಕೊಡುತ್ತಾರೆ. ಎದೆಯ ಮೇಲೆ ಪರದೆ ಕಟ್ಟುತ್ತಾರೆ. ನೋವು ಗೊತ್ತಾಗುವುದಿಲ್ಲ, ಎಳೆದಾಡುವುದು ಗೊತ್ತಾಗುತ್ತದೆ. ಮಗು ತೆಗೆಯುವಾಗ ಹೊಟ್ಟೆಯ ಮೇಲ್ಭಾಗವನ್ನು ಜೋರಾಗಿ ಒತ್ತುತ್ತಾರೆ, ಉಸಿರು ಕಟ್ಟಿದ ಹಾಗಾಗುತ್ತದೆ, ಅದು ಕ್ಷಣ ಮಾತ್ರ. ಕೊಯ್ದ ಹತ್ತು ನಿಮಿಷದೊಳಗೆ ಸಾಮಾನ್ಯವಾಗಿ ಮಗು ಹೊರಗಿರುತ್ತದೆ. ಉಳಿದ ಅರ್ಧ-ಮುಕ್ಕಾಲು ಗಂಟೆ ಹೊಲಿಗೆ. ಮೈ ಗಡಗಡ ನಡುಗಬಹುದು, ಅದೂ ಮಾಮೂಲು.

ಮಗುವನ್ನು ಎದೆಯ ಮೇಲೆ ಅಲ್ಲೇ ಮಲಗಿಸಿ ಅಂತ ಮುಂಚೆಯೇ ಕೇಳಿಕೊಳ್ಳಿ. ಮಗು ಚೆನ್ನಾಗಿದ್ದರೆ ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ತಡೆದು ಕತ್ತರಿಸಿ ಅಂತಲೂ ಹೇಳಬಹುದು. ಸಿಸೇರಿಯನ್ ಅಂದ ಮಾತ್ರಕ್ಕೆ ಇವೆಲ್ಲ ಬಿಡಬೇಕಿಲ್ಲ.

ಮೊದಲ ಸಲ ಏಳುವಾಗ ನೇರವಾಗಿ ಎದ್ದು ಕೂರಲು ಹೋಗಬೇಡಿ. ಮಂಡಿ ಮಡಚಿ, ಪೂರ್ತಿ ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಇಳಿಬಿಟ್ಟು, ಕೈ ಊರಿ ಏಳಿ. ಕೆಮ್ಮು ಬಂದರೆ ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿಯಿರಿ. ಡಾಕ್ಟರ್ ಬಿಟ್ಟ ಕೂಡಲೇ ನಡೆಯಿರಿ, ರಕ್ತ ಹೆಪ್ಪುಗಟ್ಟದಿರಲು ಅದೇ ಮದ್ದು. ನೋವಿನ ಮಾತ್ರೆಯನ್ನು ನೋವು ಏರುವ ಮುಂಚೆ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಮಲಗಿಕೊಂಡು ಹಾಲು ಕೊಡುವುದು ಅಥವಾ ಮಗುವನ್ನು ಕಂಕುಳ ಪಕ್ಕದಲ್ಲಿ ಹಿಡಿದು ಕೊಡುವುದು ಸುಲಭ, ಹೊಲಿಗೆಗೆ ಭಾರ ಬೀಳುವುದಿಲ್ಲ.

ಮನೆಗೆ ಹೋದ ಮೇಲೆ

ಹೆರಿಗೆ ಹೇಗೇ ಆಗಿರಲಿ, ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ: ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಚಳಿ ಜ್ವರ, ಕೆಟ್ಟ ವಾಸನೆಯ ಸ್ರಾವ, ಹೊಲಿಗೆ ಕೆಂಪಾಗಿ ಕೀವು ಬರುವುದು, ಒಂದೇ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜಾಗುವಂಥ ತಲೆನೋವು. ಎರಡು ವಾರ ದಾಟಿದರೂ ಅಳು ನಿಲ್ಲುತ್ತಿಲ್ಲ, ಮಗು ನೋಡಿದರೆ ಏನೂ ಅನ್ನಿಸುತ್ತಿಲ್ಲ ಅಂದರೂ ಡಾಕ್ಟರ್ ಹತ್ತಿರ ಹೋಗಿ.

ಸಿಸೇರಿಯನ್ ಆದವರು ಡಿಸ್ಚಾರ್ಜ್ ದಿನ ಆಪರೇಷನ್ ನೋಟ್‌ನ ಪ್ರತಿ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಚೀಟಿಯಲ್ಲಿ ಹೆಚ್ಚಾಗಿ ಒಂದು ಸಾಲು ಮಾತ್ರ ಇರುತ್ತದೆ. ಯಾಕೆ ಮಾಡಿದರು, ಬಾಯಿ ಎಷ್ಟು ಸೆಂ.ಮೀ. ತೆರೆದಿತ್ತು, ಗರ್ಭಕೋಶವನ್ನು ಅಡ್ಡಕ್ಕೆ ಕೊಯ್ದರೋ ಉದ್ದಕ್ಕೋ, ಕೊಯ್ತ ಮುಂದಕ್ಕೆ ಹರಿಯಿತೋ, ಇಷ್ಟೂ ಅದರಲ್ಲಿ ಇರಬೇಕು. ಹೊರಗಿನ ಚರ್ಮದ ಗಾಯ ಅಡ್ಡಕ್ಕಿದೆ ಅಂತ ಒಳಗಿನದೂ ಅಡ್ಡಕ್ಕೇ ಇದೆ ಅಂತ ಹೇಳಲಾಗುವುದಿಲ್ಲ. ಫೋಟೋ ತೆಗೆದು ಫೋನಿನಲ್ಲಿ, ಇನ್ನೊಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಮುಂದಿನ ಬಸುರಿಗೆ ಕನಿಷ್ಠ ಒಂದೂವರೆ ವರ್ಷ ಅಂತರ ಬಿಡಿ. ಆಗ ಬೇರೆ ಡಾಕ್ಟರ್ ಹತ್ತಿರ ಹೋದರೆ, ನಾರ್ಮಲ್‌ಗೆ ಪ್ರಯತ್ನ ಪಡಬಹುದಾ ಅಂತ ಹೇಳುವ ಮುಂಚೆ ಅವರು ಕೇಳುವುದು ಈ ಕಾಗದವನ್ನೇ.